ಸಹಾಯ ಬೇಕು: ಪಾಪುವಿನ ಸ್ವೆಟರಿಗೆ ಕುತ್ತಿಗೆ ಹೇಗೆ ಬಿಡಲಿ?

ನಮಸ್ಕಾರ. ನಾನು ಶಿರಸಿಯವಳು. ಕಾರವಾರದ ಗೆಳತಿಯ ಪಾಪುವಿಗೆ ಸ್ವೆಟರ್ ಹೆಣೆಯುತ್ತಿದ್ದೇನೆ. ಕಾರವಾರದ ಸೆಖೆಗೆ ಸ್ವೆಟರ್ ಯಾಕೆ ಅಂತ ನಗಬೇಡಿ, ಮಳೆಗಾಲಕ್ಕೆ ಅವರು ಇಲ್ಲಿಗೇ ಬರುತ್ತಾರೆ!

4 ಮಿ.ಮೀ. ಕಡ್ಡಿ, ಹತ್ತಿ ನೂಲು. ಉಲ್ಲನ್ ಚುಚ್ಚುತ್ತದೆ ಅಂತ ಬಿಟ್ಟೆ. 10 ಸೆಂ.ಮೀ.ಗೆ 22 ಕುಣಿಕೆ ಬರುತ್ತಿದೆ. ಹಿಂಭಾಗಕ್ಕೆ 54 ಕುಣಿಕೆ ಹಾಕಿ, ಕಂಕುಳವರೆಗೆ ಮುಗಿಸಿದ್ದೇನೆ. ಈಗ ಕುತ್ತಿಗೆಯದೇ ತಲೆನೋವು. ಮಕ್ಕಳ ತಲೆ ಮೈಗಿಂತ ದೊಡ್ಡದಾಗಿಯೇ ಕಾಣುತ್ತದೆ, ಅಲ್ವಾ? ಹಿಂದೊಮ್ಮೆ ಹೆಣೆದದ್ದು ತಲೆಯಲ್ಲೇ ಸಿಕ್ಕಿಕೊಂಡು, ಪಾಪು ಅತ್ತು ರಂಪ ಮಾಡಿತ್ತು.

ಒಂದು ಭುಜ ತೆರೆದಿಟ್ಟು ಗುಂಡಿ ಹಾಕಲೇ, ಅಥವಾ ಮುಂಭಾಗವನ್ನು ಎರಡು ತುಂಡಾಗಿ ಹೆಣೆಯಲೇ? ಗುಂಡಿ ಕಿತ್ತು ಬಾಯಿಗೆ ಹಾಕಿಕೊಂಡರೆ ಅಂತ ಭಯ. ಕಟ್ಟುವ ದಾರವೂ ಬೇಡ ಅನಿಸುತ್ತದೆ. ಭುಜಕ್ಕೆ ಎಷ್ಟು ಕುಣಿಕೆ ಬಿಡಬೇಕು? ಹೆಣೆದವರು ದಯವಿಟ್ಟು ಹೇಳಿ. ಬಿಚ್ಚಬೇಕು ಅಂದರೂ ಸರಿ, ಬಿಚ್ಚುತ್ತೇನೆ.