ಹೊಕ್ಕುಳಬಳ್ಳಿ ರಕ್ತದ ಬ್ಯಾಂಕಿನ ಮಾನ್ಯತೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ (ಗೋಣಿಕೊಪ್ಪಲಿನಿಂದ): ನಮಸ್ಕಾರ ಮೇಡಂ. ನಮ್ಮ ಮಗಳಿಗೆ ಆಗಸ್ಟ್‌ನಲ್ಲಿ ಹೆರಿಗೆ. ಹೊಕ್ಕುಳಬಳ್ಳಿಯ ರಕ್ತವನ್ನು ಕಾಪಿಡುವ ಖಾಸಗಿ ಬ್ಯಾಂಕೊಂದರ ಪ್ರತಿನಿಧಿ ಮನೆಗೆ ಬಂದು, ತಮಗೆ ಎಎಬಿಬಿ ಮಾನ್ಯತೆ ಇರುವುದರಿಂದ ಯೋಚಿಸುವುದೇ ಬೇಡವೆಂದರು. ಅದನ್ನು ನಂಬಿ ಹಣ ಕಟ್ಟಬಹುದೇ?

ಉತ್ತರ (ರಕ್ತನಿಧಿ ವೈದ್ಯೆ, ಮಡಿಕೇರಿ): ಪರವಾನಗಿ ಬೇರೆ, ಮಾನ್ಯತೆ ಬೇರೆ. ಔಷಧ ನಿಯಂತ್ರಣ ಇಲಾಖೆಯ ಪರವಾನಗಿ ಇಲ್ಲದೆ ನಮ್ಮ ದೇಶದಲ್ಲಿ ಇಂಥ ಬ್ಯಾಂಕನ್ನು ನಡೆಸುವಂತಿಲ್ಲ; ಕೋಶ ಚಿಕಿತ್ಸೆಯ ಗುಣಮಟ್ಟವನ್ನು ಪರಿಶೀಲಿಸುವ ಎಎಬಿಬಿ ಅಥವಾ ಫ್ಯಾಕ್ಟ್ ಎಂಬ ಅಮೆರಿಕದ ಸಂಸ್ಥೆಗಳ ಮಾನ್ಯತೆಯನ್ನು ಬ್ಯಾಂಕುಗಳು ಸ್ವಇಚ್ಛೆಯಿಂದ ಪಡೆಯುತ್ತವೆ. ಅದು ಸಿಗುವುದು ಕಂಪನಿಯ ಹೆಸರಿಗಲ್ಲ, ನಿರ್ದಿಷ್ಟ ಪ್ರಯೋಗಾಲಯದ ನಿರ್ದಿಷ್ಟ ಕೆಲಸಗಳಿಗೆ, ಅದೂ ಒಂದು ಅವಧಿಗೆ ಮಾತ್ರ. ಆದ್ದರಿಂದ ಪತ್ರದಲ್ಲಿರುವ ವಿಳಾಸವನ್ನೂ ಮುಗಿಯುವ ದಿನಾಂಕವನ್ನೂ ಆ ಸಂಸ್ಥೆಗಳ ಜಾಲತಾಣದ ಪಟ್ಟಿಯೊಡನೆ ತಾಳೆ ನೋಡಿ.

ಮಾನ್ಯತೆಯಿಂದ ಬ್ಯಾಂಕಿನ ಕಾರ್ಯವಿಧಾನ, ದಾಖಲೆ, ಉಪಕರಣ, ಸಿಬ್ಬಂದಿಯ ತರಬೇತಿ ಸರಿಯಿವೆಯೆಂದು ತಿಳಿಯುತ್ತದೆಯೇ ಹೊರತು, ನಿಮ್ಮ ಮೊಮ್ಮಗುವಿನ ರಕ್ತದ ಚೀಲದಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ಅದಕ್ಕೆ ಆ ಚೀಲದ ವರದಿಯೇ ಬೇಕು: ಒಟ್ಟು ನ್ಯೂಕ್ಲಿಯೇಟೆಡ್ ಕೋಶಗಳು (ಒಳಗೆ ಕೋಶಕೇಂದ್ರ ಇರುವವು), ಸಿಡಿ34 ಕೋಶಗಳು (ರಕ್ತವನ್ನು ಹುಟ್ಟಿಸುವ ಆಕರಕೋಶಗಳು), ಅವುಗಳಲ್ಲಿ ಜೀವಂತವಾಗಿರುವ ಪಾಲು, ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರದ ಕಲ್ಚರ್, ತಾಯಿಯ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಪರೀಕ್ಷೆಗಳು. ಈ ಕೋಶಗಳನ್ನು ರೋಗಿಗೆ ಕಸಿ ಮಾಡಲು ಸಾಮಾನ್ಯವಾಗಿ ರೋಗಿಯ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 2.5 ಕೋಟಿಯಷ್ಟು ನ್ಯೂಕ್ಲಿಯೇಟೆಡ್ ಕೋಶಗಳನ್ನು ಅಪೇಕ್ಷಿಸುತ್ತಾರೆ; ಬೆಳೆದವರಿಗೆ ಒಂದೇ ಚೀಲ ಸಾಲದಿರುವುದು ಇದರಿಂದಲೇ. ಚೀಲಕ್ಕೆ ಅಂಟಿಕೊಂಡೇ ಇರುವ ಕೊಳವೆಯ ತುಣುಕನ್ನೂ ಉಳಿಸಿರುತ್ತಾರೆಯೇ ಎಂದು ಕೇಳಿ. ಮುಂದೆ ಎಂದಾದರೂ ಚೀಲ ಅದೇ ಮಗುವಿನದೆಂದು ಖಚಿತಪಡಿಸಿಕೊಳ್ಳುವುದು ಆ ತುಣುಕಿನ ಪರೀಕ್ಷೆಯಿಂದ.

ನಮ್ಮ ಜಿಲ್ಲೆಯವರು ಸಾಗಣೆಯ ಬಗ್ಗೆ ಬಿಡದೆ ವಿಚಾರಿಸಬೇಕು. ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಸೇರುವ ಮೊದಲು ರಕ್ತವು ಪ್ರಯೋಗಾಲಯವನ್ನು ಮುಟ್ಟಬೇಕಷ್ಟೆ. ತಡವಾದಷ್ಟೂ ಕೋಶಗಳು ಸಾಯುತ್ತವೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದದ್ದನ್ನು ಕಂಡ ನಾವು, ರಸ್ತೆ ಕಡಿದರೆ ಪೆಟ್ಟಿಗೆ ಯಾವ ದಾರಿಯಲ್ಲಿ ಹೋಗುತ್ತದೆ, ಅದರೊಳಗಿನ ಉಷ್ಣತೆ ದಾಖಲಾಗುತ್ತದೆಯೇ ಎಂದು ಕೇಳುವುದು ಅತಿಯಾಗಲಾರದು.

ಪ್ರಶ್ನೆ (ಸೋಮವಾರಪೇಟೆಯಿಂದ): ನಮ್ಮ ದೊಡ್ಡ ಮಗನಿಗೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದೆ. ಹುಟ್ಟಲಿರುವ ಮಗುವಿನ ರಕ್ತವನ್ನು ಶೇಖರಿಸಬಹುದೇ ಮೇಡಂ?

ಉತ್ತರ: ನಿಮ್ಮ ಸಂದರ್ಭ ಬೇರೆ. ಮಗುವಿನ ಸ್ವಂತ ಉಪಯೋಗಕ್ಕೆಂದು ಶೇಖರಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆನ್ನುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ, ಹೊಕ್ಕುಳಬಳ್ಳಿ ರಕ್ತದ ಕೋಶಗಳಿಂದ ಗುಣವಾಗಬಹುದಾದ ಕಾಯಿಲೆ ಹಿರಿಯ ಮಗುವಿಗೆ ಇದ್ದಾಗ ಶೇಖರಣೆಯನ್ನು ಒಪ್ಪುತ್ತದೆ. ಆದರೆ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಕೋಶಗಳ ಗುರುತು) ಇಬ್ಬರು ಮಕ್ಕಳ ನಡುವೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಹುಟ್ಟುವ ಮಗುವಿಗೂ ಅದೇ ಕಾಯಿಲೆ ಇರಬಾರದು. ಹೆಚ್ಚು ರಕ್ತ ಸಿಗಲೆಂದು ಬಳ್ಳಿಯನ್ನು ಅವಸರದಲ್ಲಿ ಕಟ್ಟಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಒಂದು ನಿಮಿಷ ಕಾಯಲು ಹೇಳುತ್ತದೆ. ಮಗನಿಗೆ ಚಿಕಿತ್ಸೆ ನೀಡುತ್ತಿರುವ ರಕ್ತರೋಗ ತಜ್ಞರನ್ನೂ ಹೆರಿಗೆ ವೈದ್ಯರನ್ನೂ ಏಳನೇ ತಿಂಗಳೊಳಗೆ ಒಟ್ಟಿಗೆ ಮಾತನಾಡಿಸಿ.