ಸಹಾಯ ಬೇಕು: ಉಚಿತ ಪಠ್ಯಪುಸ್ತಕವನ್ನು ಝೆರಾಕ್ಸ್ ಮಾಡಿಸಬಹುದಾ?

ನಮಸ್ಕಾರ. ಶಿರಸಿಯಲ್ಲಿ ಬಿಎಸ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪುಸ್ತಕ ಕೊಳ್ಳಲು ಆಗದವರೇ ಜಾಸ್ತಿ. ಅದಕ್ಕೇ ಉಚಿತ ಪಠ್ಯಪುಸ್ತಕ ಪ್ರಕಟಿಸುವ ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ ಕ್ಯಾಲ್ಕುಲಸ್ ಪಿಡಿಎಫ್ ಕಳಿಸಿದೆ. ಆದರೆ ಮಳೆಗಾಲದಲ್ಲಿ ಹಳ್ಳಿ ಕಡೆ ಕರೆಂಟೇ ಇರುವುದಿಲ್ಲ, ಫೋನ್ ಚಾರ್ಜ್ ಆಗಬೇಕಲ್ವಾ? ಒಬ್ಬ ಹುಡುಗಿ ಲೆಕ್ಕಗಳನ್ನೆಲ್ಲ ಹಳೆ ಡೈರಿಯಲ್ಲಿ ಬರೆದುಕೊಂಡು ಬಂದಿದ್ದಳು. ನೋಡಿ ಸಂಕಟವಾಯಿತು.

ಬೇಕಾದ ಅಧ್ಯಾಯಗಳನ್ನು ಝೆರಾಕ್ಸ್ ಮಾಡಿಸಿ, ಸ್ಪೈರಲ್ ಹಾಕಿಸಿ ಕೊಡೋಣ ಅಂತ ಎರಡು ಅಂಗಡಿಗೆ ಹೋದೆ. ಕಾಪಿರೈಟ್ ಅಂತ ಒಪ್ಪಲಿಲ್ಲ. ಪುಸ್ತಕದ ಲೈಸೆನ್ಸ್ ಸಿಸಿ ಬೈ-ಎನ್‌ಸಿ-ಎಸ್‌ಎ, ಅಂದರೆ ಕೆಲವು ಷರತ್ತುಗಳ ಮೇಲೆ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್. ಮೂಲದ ಹೆಸರು ಹಾಕಬೇಕು, ಬದಲಿಸಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು, ಇಷ್ಟು ತಿಳಿಯಿತು. ವಾಣಿಜ್ಯ ಬಳಕೆ ಬೇಡ ಅನ್ನುವಲ್ಲಿ ಸಿಕ್ಕಿಕೊಂಡಿದ್ದೇನೆ. ನಾನು ಒಂದು ಪೈಸೆಯನ್ನೂ ಇಟ್ಟುಕೊಳ್ಳುವುದಿಲ್ಲ. ಆದರೆ ಅಂಗಡಿಯವರಿಗೆ ಪುಟಕ್ಕಿಷ್ಟು ಅಂತ ಕೊಡಲೇಬೇಕು.

ಆ ದುಡ್ಡು ವಾಣಿಜ್ಯ ಬಳಕೆ ಆಗುತ್ತದಾ? ಅಂಗಡಿಯವರಿಗೆ ಯಾವ ಪುಟ ತೋರಿಸಿದರೆ ಒಪ್ಪುತ್ತಾರೆ? ಹೀಗೆ ಮಾಡಿಸಿದವರು ದಯವಿಟ್ಟು ಹೇಳಿ.