‘ಮರುಕಳಿಸು’ ಅಂದರೆ ಸಾಕೇ? ಲಿವರ್ ಕ್ಯಾನ್ಸರ್ ಮತ್ತೆ ಬರುವುದಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಬಗ್ಗೆ ತೀರ್ಥಹಳ್ಳಿ ಕಡೆಯ ರೋಗಿಗಳ ಮನೆಯವರಿಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ‘ಆಪರೇಷನ್ ಆದ ಮೇಲೂ ಮರುಕಳಿಸಬಹುದು’ ಎಂಬಲ್ಲಿಗೆ ಬಂದು ನಿಂತಿದೆ. 5 ವರ್ಷದೊಳಗೆ 100ರಲ್ಲಿ 50ರಿಂದ 70 ಜನಕ್ಕೆ ಹೀಗಾಗುತ್ತದೆ, ಬಿಟ್ಟು ಹೋಗುವ ಹಾಗಿಲ್ಲ.

ನಮ್ಮಲ್ಲಿ ಮಾತಿಗೆ ‘ಮರುಕಳಿಸಿತು’ ಅನ್ನುವವರು ಕಮ್ಮಿ. ‘ಬೇರು ಉಳಿಸಿಬಿಟ್ರು, ಅದಕ್ಕೇ ಮತ್ತೆ ಬಂತು’ ಅಂತಾರೆ. ಚೆಂದದ ಮಾತೇ, ಆದರೆ ತಪ್ಪೆಲ್ಲ ಸುಮ್ನೆ ಡಾಕ್ಟರ ತಲೆಗೆ.

ನಿಜದಲ್ಲಿ ಎರಡು ಬಗೆ ಇದೆ. ಗಡ್ಡೆಯ ಒಂದಷ್ಟು ಜೀವಕೋಶಗಳು ಆಪರೇಷನ್‌ಗೆ ಮೊದಲೇ ಸಣ್ಣ ರಕ್ತನಾಳಗಳಿಗೆ ನುಗ್ಗಿ, ಲಿವರಿನ ಬೇರೆ ಭಾಗಕ್ಕೆ ಹೋಗಿ ಕೂತಿರುತ್ತವೆ. ಸ್ಕ್ಯಾನಿಗೂ ಕಾಣುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಸಾಮಾನ್ಯವಾಗಿ 2 ವರ್ಷದೊಳಗೆ ತಲೆ ಎತ್ತುವುದು ಇವೇ. ಇದಕ್ಕೆ ‘ಕೂಳೆ’ ಅನ್ನೋಣವೇ ಎಂದು ಯೋಚಿಸಿದೆ. ಆದರೆ ಕೂಳೆ ಕಬ್ಬು ಕಡಿದ ಬುಡದಲ್ಲೇ ಚಿಗುರುವುದು. ಇದು ಇನ್ನೆಲ್ಲೋ ಏಳುತ್ತದೆ. ಹಾಗಾಗಿ ‘ಚದುರಿ ಉಳಿದದ್ದು’ ಎಂದು ಬರೆದಿಟ್ಟಿದ್ದೇನೆ.

ಇನ್ನೊಂದು ಬಗೆ ಎಷ್ಟೋ ವರ್ಷ ಬಿಟ್ಟು ಬರುವಂಥದ್ದು. ಹೆಪಟೈಟಿಸ್ ಬಿ, ಸಿ, ಕುಡಿತ, ಕೊಬ್ಬು, ಯಾವುದರಿಂದಲೋ ಲಿವರ್ ಗಾಯವಾಗಿ ಮಾಯ್ದು, ಮತ್ತೆ ಗಾಯವಾಗಿ ಗಟ್ಟಿಯಾಗಿರುತ್ತದೆ. ಡಾಕ್ಟರು ಸಿರೋಸಿಸ್ ಅನ್ನುವುದು ಇದಕ್ಕೇ. ಗಡ್ಡೆ ತೆಗೆದರೂ ಆ ಕೆಟ್ಟ ಲಿವರ್ ಒಳಗೇ ಇದೆ. ಅದರಲ್ಲಿ ಬೇರೆಯದೇ ಗಡ್ಡೆ ಹುಟ್ಟುತ್ತದೆ. (ಲಿವರನ್ನೇ ಬದಲಿಸಿದವರಲ್ಲಿ ಕಾಟ ಕಮ್ಮಿಯಾಗುವುದಕ್ಕೆ ಇದೂ ಒಂದು ಕಾರಣ.) ಹಳೆಯದು ತಿರುಗಿ ಬಂದದ್ದಲ್ಲ, ಹೊಸದು. ಇದಕ್ಕೂ ‘ಮರುಕಳಿಸಿತು’ ಅಂದರೆ ಹೇಗೆ, ಅಲ್ವಾ?

ಪದಕ್ಕೆ ಇಷ್ಟು ಜಗ್ಗಾಡುವುದು ಸುಮ್ನೆ ಅಲ್ಲ. ‘ಗಡ್ಡೆ ಹೋಯ್ತಲ್ಲ, ಇನ್ನು ಹೆಪಟೈಟಿಸ್ ಮಾತ್ರೆ ಯಾಕೆ’ ಎಂದು ನಿಲ್ಲಿಸುವವರು ಇದ್ದಾರೆ. ಕೆಲವು ತಿಂಗಳಿಗೊಮ್ಮೆ ಸ್ಕ್ಯಾನು, ಲಿವರ್ ಕ್ಯಾನ್ಸರಿನ ಸುಳಿವು ಹುಡುಕುವ ಎಎಫ್‌ಪಿ ಎಂಬ ರಕ್ತಪರೀಕ್ಷೆ ಅಂದರೆ ದುಡ್ಡು ಕೀಳುವ ದಾರಿ ಅನ್ನುವವರು ಇನ್ನೂ ಜಾಸ್ತಿ.

ಲಿವರ್‌ಗೆ ‘ಪಿತ್ತಜನಕಾಂಗ’ ಹಾಕಿದರೆ ಓದುವವರು ಅಲ್ಲೇ ಕಾಗದ ಮಡಚಿಡುತ್ತಾರೆ. ‘ಈಲಿ’ ನನಗಿಷ್ಟ, ಆದರೆ ಅಚ್ಚಿನ ತಪ್ಪು, ‘ಇಲಿ’ ಇರಬೇಕು ಅಂದುಕೊಳ್ಳುವವರೇ ಹೆಚ್ಚು. ಲಿವರ್ ಅಂತಲೇ ಇಡುತ್ತೇನೆ.

ಸಾಗರ, ಹೊಸನಗರ, ಶೃಂಗೇರಿ ಕಡೆಯವರೇ, ವಾಸಿಯಾದ ಕಾಯಿಲೆ ತಿರುಗಿ ಬರುವುದಕ್ಕೂ, ಅದೇ ಜಾಗದಲ್ಲಿ ಹೊಸ ಕಾಯಿಲೆ ಹುಟ್ಟುವುದಕ್ಕೂ ನಿಮ್ಮ ಮನೆಮಾತಿನಲ್ಲಿ ಬೇರೆ ಬೇರೆ ಪದ ಇದೆಯೇ? ಹವ್ಯಕರಲ್ಲಿ, ದೀವರಲ್ಲಿ ಹೇಗೆ ಹೇಳುತ್ತಾರೆ?